ಗಾಜು ತೊಳೆಯುವ ನೀರು

ವ್ಯಾನಿನ ಮುಂದಿನ ಗಾಜಿನಲ್ಲಿ, ಸರಿಯಾಗಿ ಡ್ರೈವರನ ಮೂಗಿನ ನೇರಕ್ಕೆ, ಒಂದು ಮಸುಕು ಬಂದು ಕೂತು ಮೂರು ತಿಂಗಳಾಗಿತ್ತು. ಎಣ್ಣೆ ಹತ್ತಿದ ಹೆಬ್ಬೆರಳನ್ನು ಯಾರೋ ಗಾಜಿಗೊತ್ತಿ ತಿರುಚಿದ ಹಾಗಿತ್ತು ಅದು. ಮೊದಲ ದಿನ ಅವನು ಅದನ್ನು ಹಕ್ಕಿಯ ಹಿಕ್ಕೆ ಅಂದುಕೊಂಡ. ಮರದ ಕೆಳಗೆ ಗಾಡಿ ನಿಲ್ಲಿಸಿದ್ದಕ್ಕೆ ತನ್ನನ್ನೇ ಬೈದುಕೊಂಡು, ಸ್ಟಿಯರಿಂಗಿನ ಪಕ್ಕದ ಕಡ್ಡಿ ಎಳೆದು ಗಾಜಿಗೆ ನೀರು ಚಿಮ್ಮಿಸಿ ವೈಪರ್ ಹಾಕಿದ. ಹೋಗಲಿಲ್ಲ. ಮಾರನೆಯ ದಿನ ನೀರಿಗೆ ಸೋಪು ಬೆರೆಸಿದ. ಆಗಲೂ ಹೋಗಲಿಲ್ಲ. ವೈಪರಿನ ರಬ್ಬರು ಹಳೆಯದಾಯಿತೆಂದು ಹೊಸದು ಹಾಕಿಸಿದ. ಮಸುಕು ಹಾಗೇ ಇತ್ತು.

ಅವನ ವಯಸ್ಸು ಐವತ್ತೆಂಟು, ವ್ಯಾನಿನದು ಹತ್ತೊಂಬತ್ತು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಒಂಬತ್ತು ಹೆಂಗಸರನ್ನು ಬೆಳಿಗ್ಗೆ ಮನೆಗಳಿಂದ ಹತ್ತಿಸಿಕೊಂಡು ಹೋಗಿ ಬಿಡುವುದು, ಸಂಜೆ ಮತ್ತೆ ತಂದು ಇಳಿಸುವುದು, ಇದೇ ಅವನ ಕೆಲಸ. ಹೆಂಗಸರು ಅವನನ್ನು ಅಣ್ಣ ಅನ್ನುತ್ತಿದ್ದರು, ಬೀದಿಯವರು ಡ್ರೈವರಣ್ಣ ಅನ್ನುತ್ತಿದ್ದರು. ಕಣ್ಣು ಕಟ್ಟಿ ಬಿಟ್ಟರೂ ಈ ದಾರಿಯಲ್ಲಿ ಗಾಡಿ ಓಡಿಸುತ್ತೇನೆ ಎಂದು ಅವನು ಒಂದು ಕಾಲದಲ್ಲಿ ಜಂಬ ಕೊಚ್ಚಿಕೊಂಡದ್ದುಂಟು. ಈಚೆಗೆ ಆ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಮಸುಕು ಬಂದ ಒಂದೆರಡು ವಾರಕ್ಕೆ ಗಾಜಿಗೆ ನೀರು ಬರುವುದೇ ನಿಂತಿತು. ಕಡ್ಡಿ ಎಳೆದರೆ ಮೋಟರು ಒಣಗಿದ ಗಂಟಲಿನಿಂದ ಗೊರ್ ಎನ್ನುತ್ತಿತ್ತೇ ಹೊರತು ಒಂದು ಹನಿಯೂ ಚಿಮ್ಮುತ್ತಿರಲಿಲ್ಲ. ಗಾಡಿ ನಿಲ್ಲಿಸಿದ ಕಡೆಯೆಲ್ಲ ಮುಂದಿನ ಚಕ್ರದ ಪಕ್ಕ ನೆಲ ಒದ್ದೆಯಾಗುತ್ತಿತ್ತು. ಅವನು ಬಗ್ಗಿ, ಬೆರಳಿಗೆ ಒದ್ದೆ ಹತ್ತಿಸಿ ಮೂಸಿ ನೋಡಿದ. ಸೋಪಿನ ವಾಸನೆ. ಬಂಪರಿನ ಹಿಂದೆ, ಚಕ್ರದ ಗೂಡಿನೊಳಗೆ ಕೂತಿರುವ ನೀರಿನ ಡಬ್ಬಿ ಒಡೆದಿದೆ.

ಇದು ಗೊತ್ತಾದ ದಿನ ಅವನಿಗೆ ಎಷ್ಟೋ ಸಮಾಧಾನವಾಯಿತು. ಹಾಗಾದರೆ ಮಸುಕಿನ ಮೂಲ ಇದೇ. ನೀರು ಸರಿಯಾಗಿ ಬೀಳದಿದ್ದರೆ ಗಾಜಿನ ಕೊಳೆ ಹೋಗುವುದಾದರೂ ಹೇಗೆ? ಡಬ್ಬಿ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ. ಮನೆಗೆ ಬಂದು ಹೆಂಡತಿಗೂ ಹಾಗೇ ಹೇಳಿದ.

ಹೆಂಡತಿ ಹೊಲಿಗೆಯವಳು. ಅವಳಿಗೆ ಹತ್ತಿರದ್ದು ಕಾಣುವುದು ಕಷ್ಟವಾಗಿ ಹತ್ತು ವರ್ಷವಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಆರೇಳು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವುದು ಗಂಡನ ಕೆಲಸವಾಗಿತ್ತು. ಹೋದ ವರ್ಷ ಯಾವತ್ತೋ ಒಂದು ದಿನ ಅದು ನಿಂತುಹೋಯಿತು. "ಹೊತ್ತಾಯ್ತು, ನೀನೇ ಹಾಕ್ಕೊ" ಎಂದು ಹೊರಟುಬಿಡುತ್ತಿದ್ದ. ಪೇಪರನ್ನು ಮಡಚಿದ್ದು ಮಡಚಿದ ಹಾಗೇ ಇಡುತ್ತಿದ್ದ. ಅಡುಗೆಮನೆಯ ಬಲ್ಬು ಮಂದವಾಗಿದೆಯೆಂದು ಎರಡು ಸಲ ಬದಲಾಯಿಸಿದ. ಒಂದೊಂದಕ್ಕೂ ಒಂದೊಂದು ಕಾರಣವಿತ್ತು. ಬಲ್ಬಿಗೆ ಬಲ್ಬಿನ ತಪ್ಪು, ಪೇಪರಿಗೆ ಶಾಯಿಯ ತಪ್ಪು, ಗಾಜಿಗೆ ಡಬ್ಬಿಯ ತಪ್ಪು. ಎಲ್ಲವನ್ನೂ ಒಟ್ಟಿಗಿಟ್ಟು ನೋಡುವ ಗೋಜಿಗೆ ಅವನು ಹೋಗಲಿಲ್ಲ.

ಡಬ್ಬಿಗೆ ಮೊದಲು ಅಂಟು ಮೆತ್ತಿ ನೋಡಿದ. ನಾಲ್ಕು ದಿನಕ್ಕೆ ಅಂಟು ಕಿತ್ತು ಬಂತು. ಆಮೇಲೆ ಸೀಟಿನ ಪಕ್ಕ ಒಂದು ಬಾಟಲಿ ನೀರು, ಒಂದು ಬಟ್ಟೆ ಇಟ್ಟುಕೊಂಡು, ಹೆಂಗಸರು ಹತ್ತುವ ಒಂದೊಂದು ತಿರುವಿನಲ್ಲೂ ಇಳಿದು ಗಾಜು ಒರೆಸತೊಡಗಿದ.

"ಅಣ್ಣಾ, ಹಿಂಗೇ ಉಜ್ಜಿದ್ರೆ ಗಾಜು ಸವೆದು ಗಾಳಿ ಒಳಗೆ ಬರುತ್ತೆ" ಎಂದು ಹಿಂದಿನ ಸೀಟಿನಿಂದ ಒಬ್ಬಳು ಹಾಸ್ಯ ಮಾಡುತ್ತಿದ್ದಳು.

"ಒಗೆಯೋರ ಜೊತೆ ಸೇರಿ ಅಣ್ಣಂಗೂ ಒಗೆಯೋ ಚಟ ಹತ್ತಿದೆ" ಎಂದು ಇನ್ನೊಬ್ಬಳು ಸೇರಿಸುತ್ತಿದ್ದಳು.

ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂರುತ್ತಿದ್ದವಳನ್ನು ಎಲ್ಲರೂ ರೇಡಿಯೊ ಎಂದು ಕರೆಯುತ್ತಿದ್ದರು. ಇಸ್ತ್ರಿ ಮಾಡುವವಳು, ನಲವತ್ತು ದಾಟಿದವಳು. ಹತ್ತಿದಲ್ಲಿಂದ ಇಳಿಯುವವರೆಗೆ ಅವಳ ಬಾಯಿ ಮುಚ್ಚುತ್ತಿರಲಿಲ್ಲ. ಮೊದಲೆಲ್ಲ ನಾದಿನಿಯ ಸುದ್ದಿ, ಮೇಲ್ವಿಚಾರಕನ ಸುದ್ದಿ, ನೆರೆಮನೆಯ ಜಗಳ ಹೇಳುತ್ತಿದ್ದವಳು ಈಗ ಕೆಲವು ತಿಂಗಳಿಂದ ಬರೀ ರಸ್ತೆಯ ಸುದ್ದಿ ಹೇಳುತ್ತಿದ್ದಳು. "ನೋಡಿ, ನಾವು ಬಂದ ಕೂಡ್ಲೇ ಕೆಂಪು ದೀಪ ಬಿತ್ತು, ಏನು ದ್ವೇಷವೋ ಅದಕ್ಕೆ." "ಆ ಸೈಕಲ್‌ನೋನು ಹೆಂಗೆ ಓಲಾಡ್ಕೊಂಡು ಹೋಗ್ತಿದಾನೆ ನಮ್ಮ ಮುಂದೇನೇ." "ಅಯ್ಯೋ ಪಾಪ, ಆಯಮ್ಮ ಮಗು ಎತ್ಕೊಂಡು ದಾಟ್ತಿದಾಳೆ, ನಿಧಾನ ಅಣ್ಣಾ." ಹಿಂದಿನವರು ತಲೆನೋವು ಬಂತು ಸುಮ್ಮನಿರೇ ಎಂದು ಗೋಗರೆದರೂ ಅವಳು ನಿಲ್ಲಿಸುತ್ತಿರಲಿಲ್ಲ. ಡ್ರೈವರಣ್ಣ ಮಾತ್ರ ಒಂದು ದಿನವೂ ಸುಮ್ಮನಿರು ಅನ್ನಲಿಲ್ಲ. ಹೂಂ, ಹೂಂ ಎನ್ನುತ್ತ ಬ್ರೇಕು ಒತ್ತುತ್ತಿದ್ದ, ಬಿಡುತ್ತಿದ್ದ.

ಹೊಸ ಡಬ್ಬಿ ಎಲ್ಲೂ ಸಿಗಲಿಲ್ಲ. ಅಷ್ಟು ಹಳೆಯ ಗಾಡಿಯ ಸಾಮಾನು ತಯಾರಾಗುವುದು ಎಂದೋ ನಿಂತಿತ್ತು. ಒಂದು ಶನಿವಾರ ಅವನು ಊರಾಚೆಯ ಗುಜರಿ ಅಂಗಡಿಗೆ ಹೋದ. ಅಲ್ಲಿ ಬಾಗಿಲಿಲ್ಲದ, ಚಕ್ರವಿಲ್ಲದ ಗಾಡಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಗುಜರಿಯವನು ಒಳಗಿನಿಂದ ಮೂರು ಡಬ್ಬಿ ತಂದು ಮೇಜಿನ ಮೇಲಿಟ್ಟ. ಮೂರೂ ಅಂಕುಡೊಂಕು, ಮೂರೂ ಬಿಸಿಲಿಗೆ ಹಳದಿಯಾದವು. ಡ್ರೈವರಣ್ಣ ಒಂದೊಂದನ್ನೇ ಎತ್ತಿ, ಮೋಟರು ಕೂರುವ ತೂತಿಗೆ ಹೆಬ್ಬೆರಳು ಒತ್ತಿ, ನೀರು ಹುಯ್ಯುವ ಬಾಯಿಗೆ ತನ್ನ ಬಾಯಿಟ್ಟು ಊದಿದ. ಎರಡು ಸುಸ್ ಎಂದವು. ಮೂರನೆಯದು ಗಾಳಿ ಹಿಡಿದು ನಿಂತಿತು.

"ಇದರ ನಂಬರ್ ಓದಪ್ಪ. ಕನ್ನಡಕ ಮರೆತು ಬಂದಿದೀನಿ" ಎಂದ.

ಗುಜರಿಯವನು ಅವನ ಮುಖವನ್ನೇ ನೋಡಿದ. "ಮೂಗಿನ ಮೇಲೇ ಇದೆಯಲ್ಲ ಯಜಮಾನ್ರೇ."

"ಇದು ದೂರದ್ದು" ಎಂದು ಡ್ರೈವರಣ್ಣ ನಕ್ಕ. ಗುಜರಿಯವನೂ ನಕ್ಕು, ಡಬ್ಬಿಯ ತಳದ ನಂಬರು ಓದಿ ಹೇಳಿದ. ಅದೇ ನಂಬರು.

ಮಾರನೆಯ ದಿನ ಭಾನುವಾರ. ಮನೆಯ ಹಿಂದಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗಕ್ಕೆ ಜ್ಯಾಕ್ ಹಾಕಿ ಎತ್ತಿದ. ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ. ಚಕ್ರದ ಗೂಡಿನೊಳಗೆ ಕೆಸರು ತಡೆಯುವ ಪ್ಲಾಸ್ಟಿಕ್ ಮುಚ್ಚಳ, ಅದನ್ನು ಹಿಡಿದ ಏಳು ಕ್ಲಿಪ್ಪು. ನಾಲ್ಕು ನೆಟ್ಟಗೆ ಬಂದವು, ಮೂರು ಮುದಿಯಾಗಿ ಪುಡಿಯಾದವು. ಒಳಗೆ ಕತ್ತಲು. ಹೆಂಡತಿಯನ್ನು ಕರೆದು ಟಾರ್ಚು ಕೊಟ್ಟ.

"ಇಲ್ಲಿ ಹಿಡಿ. ಅಲ್ಲಾಡಿಸ್ಬೇಡ."

ಅವಳು ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಅವನ ಕೈಗಳು ಒಳಗೆ ಹೋದವು. ಡಬ್ಬಿಗೆ ಮೂರು ಬೋಲ್ಟು. ಎರಡು ಕೆಳಗೆ, ಒಂದು ಮೇಲೆ ಬಾನೆಟ್ಟಿನ ಒಳಗಿನಿಂದ. ಕೆಳಗಿನ ಒಂದು ತುಕ್ಕು ಹಿಡಿದು ಗಟ್ಟಿಯಾಗಿತ್ತು. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದ. ಸ್ಪ್ಯಾನರು ಕೂರಿಸಿ ಒಂದೇ ಸಮನೆ ಅದುಮಿದಾಗ ಅದು ಕಿರ್ ಎಂದು ಸಡಿಲಾಯಿತು. ಮೋಟರಿನ ತಂತಿಯ ಪ್ಲಗ್ಗನ್ನು ಹೆಬ್ಬೆರಳಿಂದ ಒತ್ತಿ ಎಳೆದ. ರಬ್ಬರು ಪೈಪನ್ನು ತಿರುಚಿ ಬಿಡಿಸಿದ. ಪೈಪಿನಲ್ಲಿ ಉಳಿದಿದ್ದ ನೀರು ಮೊಣಕೈವರೆಗೆ ಇಳಿಯಿತು. ಎಷ್ಟು ಸಲೀಸಾಗಿ ಮಾಡುತ್ತಿದ್ದನೆಂದರೆ ಹೆಂಡತಿಗೆ ಹಳೆಯ ದಿನಗಳು ನೆನಪಾದವು. ಈ ಕೈ ನೋಡಿಯೇ ಅವಳ ಅಪ್ಪ ಹೆಣ್ಣು ಕೊಟ್ಟದ್ದು.

ಆಮೇಲೆ ಅವಳು ಒಂದನ್ನು ಗಮನಿಸಿದಳು. ಅವಳ ಕೈ ಸೋತು ಟಾರ್ಚಿನ ಬೆಳಕು ಪಕ್ಕಕ್ಕೆ ಸರಿದಿತ್ತು. ಅವನು ಏನೂ ಅನ್ನಲಿಲ್ಲ. ಮುಂಚೆಯಾಗಿದ್ದರೆ ಬೆಳಕು ಒಂದು ಬೆರಳಷ್ಟು ಜಾರಿದರೂ ಗದರುತ್ತಿದ್ದ. ಅವಳು ಬೇಕೆಂದೇ ಇನ್ನಷ್ಟು ಸರಿಸಿದಳು. ಆಮೇಲೆ ಪೂರ್ತಿ ಗೋಡೆಯ ಕಡೆಗೆ ತಿರುಗಿಸಿದಳು. ಅವನ ಕೈ ಕೆಲಸ ಮಾಡುತ್ತಲೇ ಇತ್ತು. ಮುಖ ಬೇರೆಲ್ಲೋ ತಿರುಗಿತ್ತು, ಹಾಡು ಕೇಳುತ್ತಿರುವವನ ಹಾಗೆ.

ಅಷ್ಟರಲ್ಲಿ ಬೋಲ್ಟೊಂದು ಅವನ ಕೈಯಿಂದ ಜಾರಿ, ಠಣ್ ಎಂದು ಅವನ ಮೊಣಕಾಲಿನ ಮುಂದೆಯೇ ಬಿತ್ತು. ಅಲ್ಲಿ ಬಿಸಿಲು ಇತ್ತು. ಬೋಲ್ಟು ಎಣ್ಣೆ ಹತ್ತಿ ಹೊಳೆಯುತ್ತಿತ್ತು. ಅವನು ಅಂಗೈಯನ್ನು ನೆಲಕ್ಕೆ ಹಚ್ಚಿ ಹಿಟ್ಟು ಸವರಿದಂತೆ ಸವರುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹುಡುಕಿದ. ಕೈ ಎರಡು ಸಲ ಬೋಲ್ಟಿನ ಪಕ್ಕದಲ್ಲೇ ಹಾದುಹೋಯಿತು.

ಹೆಂಡತಿ ಮೆಲ್ಲಗೆ ಬೋಲ್ಟನ್ನು ಕಾಲಿನಿಂದ ಅವನ ಬೆರಳ ಕಡೆಗೆ ತಳ್ಳಿದಳು. "ಸಿಕ್ತು" ಎಂದು ಅವನು ಮತ್ತೆ ಒಳಗೆ ಕೈ ಹಾಕಿದ. ಅವಳೂ ಏನೂ ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಅವಳಿಗೆ ಅನ್ನಿಸಿತ್ತು. ಕೆಲಸ ಮುಗಿಯಲಿ, ಸಂಜೆ ಕೇಳೋಣ ಎಂದುಕೊಂಡಳು.

ಹಳೆಯ ಡಬ್ಬಿ ಹೊರಗೆ ಬಂತು. ತಳದ ಅಂಚಿನುದ್ದಕ್ಕೂ ಬೆರಳುದ್ದದ ಬಿರುಕು, ಅದರ ಮೇಲೆ ಅವನು ಮೆತ್ತಿದ್ದ ಅಂಟಿನ ಹಕ್ಕಳೆ. ಬಿರುಕಿನ ಮೇಲೆ ಉಗುರು ಆಡಿಸಿ ಅವನು ತೃಪ್ತಿಯಿಂದ "ನೋಡಿದ್ಯಾ, ನಾನು ಹೇಳ್ಲಿಲ್ವಾ" ಎಂದ. ಮೋಟರನ್ನು ಹಳೆಯದರಿಂದ ಕಿತ್ತು, ರಬ್ಬರು ಬಳೆಗೆ ಸೋಪು ಸವರಿ ಗುಜರಿ ಡಬ್ಬಿಯ ತೂತಿಗೆ ಕೂರಿಸಿ ಒತ್ತಿದ. ಟಕ್ ಎಂದು ಕೂತಿತು. ಮೂರು ಬೋಲ್ಟು, ತಂತಿ, ಪೈಪು. ಮೇಲಿನಿಂದ ಎರಡು ತಂಬಿಗೆ ನೀರು ಹುಯ್ದು, ಕೆಳಗೆ ಕೈ ಹಿಡಿದು ನೂರರವರೆಗೆ ಎಣಿಸಿದ. ಅಂಗೈ ಒಣಗಿಯೇ ಇತ್ತು. ಮುಚ್ಚಳ ಹಾಕಿ, ಕ್ಲಿಪ್ಪು ಇಲ್ಲದ ಕಡೆ ತಂತಿ ಬಿಗಿದು, ಚಕ್ರ ಕೂರಿಸಿ ಗಾಡಿ ಇಳಿಸಿದ.

ಕೈ ತೊಳೆದುಕೊಂಡು ಬಂದು ಸೀಟಿನಲ್ಲಿ ಕೂತ. ಹೆಂಡತಿ ಎದುರಿಗೆ, ಗಾಡಿಯ ಮುಂದೆ ನಿಂತಿದ್ದಳು.

ಕಡ್ಡಿ ಎಳೆದ. ಎರಡು ಸಣ್ಣ ಧಾರೆ ಎದ್ದು ಗಾಜಿನ ಮೇಲೆ ಬಿದ್ದವು. ವೈಪರು ಒಂದು ಸಲ ಹೋಗಿ ಬಂತು, ಇನ್ನೊಂದು ಸಲ ಹೋಗಿ ಬಂತು. ಅವನು ಇನ್ನೂ ಒಮ್ಮೆ ಎಳೆದ. ನೀರು ಧಾರಾಳವಾಗಿ ಬಂತು.

"ಗಾಜೇ ಇಲ್ಲ ಅನ್ನೋ ಹಂಗಿದೆ" ಎಂದಳು ಹೆಂಡತಿ ಹೊರಗಿನಿಂದ.

ಮಸುಕು ಅಲ್ಲೇ ಇತ್ತು.

ಅವನು ಬಟ್ಟೆ ತೆಗೆದುಕೊಂಡು ಒಳಗಿನಿಂದ ಒರೆಸಿದ. ಇಳಿದು ಹೊರಗಿನಿಂದ ಒರೆಸಿದ. ಮತ್ತೆ ಬಂದು ಕೂತ. ತಲೆಯನ್ನು ಎಡಕ್ಕೆ ವಾಲಿಸಿದ. ಮಸುಕೂ ಎಡಕ್ಕೆ ಬಂತು. ಬಲಕ್ಕೆ ವಾಲಿಸಿದ. ಬಲಕ್ಕೆ ಬಂತು. ಪಕ್ಕದ ಕಿಟಕಿಯ ಗಾಜು ಇಳಿಸಿ ಬರೀ ಗಾಳಿಯಲ್ಲಿ ಗೋಡೆಯನ್ನು ನೋಡಿದ. ಗೋಡೆಯ ಮೇಲೂ ಬಂತು. ಕೊನೆಗೆ ಎದುರಿಗೆ ನಿಂತ ಹೆಂಡತಿಯನ್ನು ನೋಡಿದ. ಅವಳ ತುರುಬು ಕಂಡಿತು. ಕಿವಿಗಳು ಕಂಡವು. ಭುಜ, ಕೈ, ಕೈಯಲ್ಲಿದ್ದ ಟಾರ್ಚು ಕಂಡವು. ಕಿವಿ ಮತ್ತು ಕಿವಿಯ ನಡುವೆ ಮುಖವಿರಬೇಕಾದಲ್ಲಿ ಬೂದು ಬಣ್ಣದ್ದು ಏನೋ ಇತ್ತು.

ಎಷ್ಟು ದಿನದಿಂದ ಇವಳ ಮುಖ ನೋಡಿಲ್ಲ ಎಂದು ನೆನಪಿಸಿಕೊಳ್ಳಲು ಹೋದ. ನೆನಪಾಗಲಿಲ್ಲ.

"ಸರಿಹೋಯ್ತಾ?" ಎಂದು ಅವಳು ಕೇಳಿದಳು.

"ಸರಿಹೋಯ್ತು" ಎಂದ. "ಚೆನ್ನಾಗಿ ಬಂತು."

ಆ ಸಂಜೆ ಅವಳು ಕೇಳಬೇಕೆಂದಿದ್ದನ್ನು ಕೇಳಲಿಲ್ಲ. ಅವನು ಹೇಳಬೇಕಾದದ್ದನ್ನು ಹೇಳಲಿಲ್ಲ. ಇಬ್ಬರೂ ಡಬ್ಬಿಯ ಬಗ್ಗೆ, ಗುಜರಿಯವನ ಒಳ್ಳೆಯತನದ ಬಗ್ಗೆ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿ ಮಲಗಿದರು.

ಸೋಮವಾರ ಬೆಳಿಗ್ಗೆ ಅವನು ಹೊರಟ. ಹೊರಡದೆ ಇರಬಹುದಿತ್ತು. ಮುಂದೆ ಎಷ್ಟೋ ದಿನ ಅವನು ತನ್ನನ್ನು ತಾನು ಕೇಳಿಕೊಂಡದ್ದು ಇದೊಂದೇ, ಯಾಕೆ ಹೊರಟೆ ಎಂದು. ಇವತ್ತೊಂದು ದಿನ, ಈ ವಾರವೊಂದು ಕಳೆಯಲಿ ಎಂಬುದು ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ರೇಡಿಯೊ ಪಕ್ಕದಲ್ಲಿರುತ್ತಾಳೆ ಎಂಬ ಧೈರ್ಯವೂ ಇತ್ತು. ಅವಳ ಮಾತು ಕೇಳಿಕೊಂಡೇ ತಾನು ಇಷ್ಟು ದಿನ ಓಡಿಸುತ್ತಿದ್ದೆ ಎಂಬುದನ್ನು ಅವನು ಹಿಂದಿನ ದಿನ ಸೀಟಿನಲ್ಲಿ ಕೂತಾಗಲೇ ಮೊದಲ ಸಲ ಒಪ್ಪಿಕೊಂಡಿದ್ದ. ಅವಳಿಗೆ ಅದು ಗೊತ್ತಿರಲಾರದು, ವಾಚಾಳಿ, ಸುಮ್ಮನೆ ಒದರುತ್ತಾಳೆ ಎಂದುಕೊಂಡಿದ್ದ.

ಮೂರನೆಯ ತಿರುವಿನಲ್ಲಿ ರೇಡಿಯೊ ಹತ್ತಿದಳು. ಮಾತಿಲ್ಲ.

"ಏನಮ್ಮ, ಇವತ್ತು ರೇಡಿಯೊ ಸ್ಟೇಷನ್ ಬಂದ್ ಆಗಿದೆಯಾ?" ಎಂದು ಕೇಳಿದ.

ಹಿಂದಿನಿಂದ ಒಬ್ಬಳು ಉತ್ತರ ಕೊಟ್ಟಳು. "ನಿನ್ನೆ ದವಡೆ ಹಲ್ಲು ಕೀಳಿಸ್ಕೊಂಡಿದಾಳೆ ಅಣ್ಣ. ಬಾಯಿ ತುಂಬ ಹತ್ತಿ. ಮಾತಾಡ್ಬಾರದು, ರಜ ಹಾಕು ಅಂದಿದಾರಂತೆ ಡಾಕ್ಟ್ರು. ಆದ್ರೂ ಬಂದಿದಾಳೆ ನೋಡಿ, ಬಟ್ಟೆ ಮೇಲೆ ಅಷ್ಟು ಪ್ರೀತಿ."

ಎಲ್ಲರೂ ನಕ್ಕರು. ಅವನು ಗೇರು ಹಾಕಿ ಗಾಡಿ ಬಿಟ್ಟ.

ಮೊದಲ ಸಿಗ್ನಲ್ಲಿನಲ್ಲಿ ರೇಡಿಯೊ ಮುಂದಿನ ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಬಡಿದಳು. ಹುಂ, ಹುಂ ಎಂದು ಗಂಟಲಲ್ಲೇ ಒತ್ತಿ ಹೇಳಿದಳು. ಅವನು ಬ್ರೇಕು ಹಾಕಿದ. ಮುಂದಿನ ಬೀದಿಯಲ್ಲಿ ಮತ್ತೆ ಬಡಿದಳು. ಮತ್ತೆ ನಿಲ್ಲಿಸಿದ. ನೋವಿಗೆ ಬಡಿಯುತ್ತಿದ್ದಾಳೋ, ರಸ್ತೆಗೆ ಬಡಿಯುತ್ತಿದ್ದಾಳೋ ಒಂದೂ ತಿಳಿಯದೆ, ನಡೆಯುವವರಿಗಿಂತ ನಿಧಾನವಾಗಿ ಹೋಗತೊಡಗಿದ. ಹಿಂದಿನಿಂದ ಗಾಡಿಗಳು ಹಾರ್ನ್ ಹೊಡೆದವು. ಹೊತ್ತಾಗುತ್ತೆ ಅಣ್ಣ, ಹಾಜರಿ ಹೋಗುತ್ತೆ ಎಂದು ಹೆಂಗಸರು ಅವಸರಿಸಿದರು. ಶಾಲೆಯ ರಸ್ತೆ ಬಂದಾಗ ಅವನು ಸ್ವಲ್ಪ ವೇಗ ಹೆಚ್ಚಿಸಿದ.

ಆ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸಲು ಒಬ್ಬ ಮುದುಕ ನಿಲ್ಲುತ್ತಿದ್ದ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದವನು. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಕೋಟು, ಕೈಯಲ್ಲಿ ಕೋಲಿಗೆ ಬಡಿದ, ‘ನಿಲ್ಲಿ’ ಎಂದು ಬರೆದ ಕೆಂಪು ಹಲಗೆ. ಮಕ್ಕಳು ಅವನನ್ನು ನಿಲ್ಲಜ್ಜ ಅನ್ನುತ್ತಿದ್ದರು. ಅವತ್ತು ಮಕ್ಕಳ ಒಂದು ಗುಂಪನ್ನು ಆಚೆಗೆ ಬಿಟ್ಟು, ಹಲಗೆ ಎತ್ತಿಕೊಂಡೇ ಅವನೊಬ್ಬನೇ ವಾಪಸು ಬರುತ್ತಿದ್ದ.

ರೇಡಿಯೊ ಎರಡೂ ಕೈಯಿಂದ ಡ್ಯಾಶ್‌ಬೋರ್ಡು ಬಡಿದಳು. ಅವನು ಬ್ರೇಕಿನ ಕಡೆಗೆ ಕಾಲು ತಂದ. ಅವಳು ಹತ್ತಿಯ ಸಮೇತ ಕಿರುಚಿದಳು. ಕಾಲು ಬ್ರೇಕಿಗೆ ತಾಗುವುದಕ್ಕೂ ದಡ್ ಎಂಬ ಸದ್ದು ಕೇಳುವುದಕ್ಕೂ ಸರಿಹೋಯಿತು. ಬಾಗಿಲು ಜೋರಾಗಿ ಹಾಕಿದಷ್ಟೇ ಸದ್ದು. ಅವನು ಕೊನೆಯ ಗಳಿಗೆಯವರೆಗೂ ನೆಟ್ಟಗೆ ಮುಂದಕ್ಕೇ ನೋಡುತ್ತಿದ್ದ. ಮಸುಕಿನ ಅಂಚಿನಿಂದ ಒಂದು ಕಿತ್ತಳೆ ಬಣ್ಣದ ತೋಳು ಹೊರಗೆ ಬಂದು ಕೆಳಕ್ಕೆ ಹೋದದ್ದು ಮಾತ್ರ ಅವನಿಗೆ ಕಂಡಿತು.

ಮುದುಕ ಸಾಯಲಿಲ್ಲ. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ರಸ್ತೆಯಲ್ಲಿ ಮಲಗಿಕೊಂಡೇ "ಹಲಗೆ ಎತ್ತಿದ್ದೆ, ಹಲಗೆ ಎತ್ತಿದ್ದೆ" ಎನ್ನುತ್ತಿದ್ದ. ಆಂಬುಲೆನ್ಸು ಬಂದು ಅವನನ್ನು ಕರೆದುಕೊಂಡು ಹೋಯಿತು. ಆಮೇಲೆ ಪೊಲೀಸಿನವನು ಬಂದ. ವಯಸ್ಸಾದವನು, ಗಡಿಬಿಡಿಯಿಲ್ಲದವನು.

"ಹೇಗಾಯ್ತು?"

"ಗಾಜು ಮಸುಕಾಗಿತ್ತು ಸಾರ್" ಎಂದ ಡ್ರೈವರಣ್ಣ. ಆ ಮಾತು ಮೂರು ತಿಂಗಳಿಂದ ಅವನ ನಾಲಿಗೆಯ ತುದಿಯಲ್ಲೇ ಇತ್ತು, ತಾನಾಗಿಯೇ ಹೊರಗೆ ಬಂತು. "ನೀರಿನ ಡಬ್ಬಿ ಸೋರ್ತಿದೆ. ಗಾಜು ತೊಳೆಯೋಕಾಗಲ್ಲ."

ಪೊಲೀಸಿನವನು ಗಾಡಿಯ ಮುಂದೆ ಹೋಗಿ ಗಾಜಿನ ಮೇಲೆ ಬೆರಳೆಳೆದ. ಬೆರಳು ನೋಡಿಕೊಂಡ. ಒಳಗೆ ಕೈಹಾಕಿ ಕಡ್ಡಿ ಎಳೆದ. ಎರಡು ಧಾರೆ ಚಿಮ್ಮಿದವು, ವೈಪರು ಹೋಗಿ ಬಂತು. ಬೆಳಗಿನ ಬಿಸಿಲಲ್ಲಿ ಗಾಜು ಫಳಫಳ ಹೊಳೆಯಿತು.

"ಇಷ್ಟು ಚೊಕ್ಕಟವಾದ ಗಾಜು ನಾನು ಈ ತಿಂಗಳಲ್ಲೇ ನೋಡಿಲ್ಲ" ಎಂದ.

ಒಂಬತ್ತು ಹೆಂಗಸರೂ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಆಗ ರೇಡಿಯೊ ಬಾಯಿಗೆ ಬೆರಳು ಹಾಕಿ ರಕ್ತ ಹತ್ತಿದ ಹತ್ತಿಯನ್ನು ತೆಗೆದಳು.

"ಅವರಿಗೆ ಕಣ್ಣು ಕಾಣ್ಸಲ್ಲ ಸಾರ್" ಎಂದಳು. "ಎಷ್ಟೋ ತಿಂಗಳಾಯ್ತು. ನಾನು ಹೇಳ್ತಿದ್ದೆ, ಅವರು ಓಡಿಸ್ತಿದ್ರು. ಇವತ್ತು ನನ್ನ ಕೈಲಿ ಆಗ್ಲಿಲ್ಲ."

ಅವಳ ತುಟಿಯ ಅಂಚಿನಿಂದ ರಕ್ತ ಇಳಿಯುತ್ತಿತ್ತು. ಅದನ್ನು ಡ್ರೈವರಣ್ಣ ಕಾಣಲಿಲ್ಲ. ದನಿ ಮಾತ್ರ ಕೇಳಿದ. ಮುಂದೇನು ಕೇಳಿದರೂ ಅವನು ಹೌದು ಸಾರ್, ಹೌದು ಸಾರ್ ಎನ್ನುತ್ತ ಹೋದ.

ಲೈಸೆನ್ಸು ಹೋಯಿತು. ಕೇಸು ನಡೆಯಬೇಕಿತ್ತು. ಅದಕ್ಕಿಂತ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ ತರಲು ಹೇಳಿದರು. ಹೆಂಡತಿ ಕೈಹಿಡಿದು ಕರೆದುಕೊಂಡು ಹೋದಳು. ಡಾಕ್ಟರಮ್ಮ ಒಂದು ಕಣ್ಣು ಮುಚ್ಚಿಸಿ, ಇನ್ನೊಂದು ಮುಚ್ಚಿಸಿ, ಹನಿ ಹಾಕಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು.

"ಬಲಗಣ್ಣು ಹೋಗಿ ವರ್ಷದ ಮೇಲಾಗಿದೆ. ಎಡಗಣ್ಣು ಸಾಕಿತ್ತು, ಅದಕ್ಕೇ ನಿಮಗೆ ಗೊತ್ತಾಗಿಲ್ಲ" ಎಂದಳು. "ಎಡಗಣ್ಣಲ್ಲಿ ಇದು ಶುರುವಾಗಿದ್ದು ಯಾವಾಗ?"

"ಮೂರು ತಿಂಗಳು."

ಡಾಕ್ಟರಮ್ಮ ಸ್ವಲ್ಪ ಹೊತ್ತು ಏನೋ ಬರೆದಳು. "ಆಗಲೇ ಬಂದಿದ್ರೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಇದ್ದಷ್ಟನ್ನ ಉಳಿಸ್ಕೋಬಹುದಿತ್ತು. ಮೊದಲ ವಾರಗಳೇ ಮುಖ್ಯ. ಈಗ ಒಳಗೆ ಕಲೆ ಗಟ್ಟಿಯಾಗಿದೆ. ಸುತ್ತಲಿಂದು ಕಾಣ್ತಿರುತ್ತೆ, ಪೂರ್ತಿ ಕತ್ತಲಾಗಲ್ಲ. ಮಧ್ಯದ್ದು ವಾಪಸ್ ಬರಲ್ಲ."

ಆ ಮೂರು ತಿಂಗಳು ತಾನು ಏನು ಮಾಡುತ್ತಿದ್ದೆ ಎಂಬುದು ಅವನಿಗೆ ದಿನ ದಿನವೂ ನೆನಪಿತ್ತು. ಸೋಪು ಬೆರೆಸಿದ್ದು, ರಬ್ಬರು ಬದಲಿಸಿದ್ದು, ಅಂಟು ಮೆತ್ತಿದ್ದು. ಕಣ್ಣಾಸ್ಪತ್ರೆ ಅವನ ದಾರಿಯಲ್ಲೇ ಇತ್ತು. ಅದರ ಮುಂದೆ ದಿನಕ್ಕೆ ಎರಡು ಸಲ ಹಾದುಹೋಗುತ್ತಿದ್ದ. ಅದರ ಎದುರಿನ ತಿರುವಿನಲ್ಲಿ ಇಬ್ಬರು ಹೆಂಗಸರು ಹತ್ತುತ್ತಿದ್ದರು, ಅಲ್ಲೂ ಇಳಿದು ಗಾಜು ಒರೆಸುತ್ತಿದ್ದ.

ವ್ಯಾನನ್ನು ಪಕ್ಕದ ಬಡಾವಣೆಯ ತರಕಾರಿಯವನು ಕೊಂಡ. ಒಂದು ಸುತ್ತು ಓಡಿಸಿ ನೋಡಿ, ಇಷ್ಟು ಹಳೆಯ ಗಾಡಿಯಲ್ಲೂ ಗಾಜಿನ ನೀರು ಎಷ್ಟು ಚೆನ್ನಾಗಿ ಬರುತ್ತದೆ ಎಂದು ಮೆಚ್ಚಿಕೊಂಡ.

ಒಂದು ಮಧ್ಯಾಹ್ನ ರೇಡಿಯೊ ಮನೆಗೆ ಬಂದಳು. ಹೆಂಡತಿ ಕುರ್ಚಿ ಹಾಕಿ ಒಳಗೆ ಹೋದಳು. ರೇಡಿಯೊ ಕುರ್ಚಿಯ ಅಂಚಿನಲ್ಲಿ ಕೂತಳು.

"ನನ್ನ ಮೇಲೆ ಸಿಟ್ಟಿದೆಯಾ ಅಣ್ಣ?"

"ಇಲ್ಲಮ್ಮ. ನಿಜ ತಾನೆ ಹೇಳಿದ್ದು."

"ನಾನು ಅವತ್ತು ಹೇಳಿದ್ದು ತಪ್ಪಲ್ಲ, ಅಷ್ಟು ದಿನ ಹೇಳ್ದೇ ಇದ್ದಿದ್ದು ತಪ್ಪು" ಎಂದಳು. "ಒಂದ್ಸಲ ನೀವು ನನ್ನ ಮುಂದೇನೇ ಕೆಂಪು ದೀಪ ದಾಟಿಸ್ಕೊಂಡು ಹೋದ್ರಿ. ಆವತ್ತೇ ಗೊತ್ತಾಯ್ತು. ಅಣ್ಣನ ಕೆಲಸ ಹೋಗುತ್ತೆ, ಬಾಯಿ ಇದೆಯಲ್ಲ ನಂಗೆ, ಹೇಳ್ತಾ ಹೋದ್ರಾಯ್ತು ಅಂದ್ಕೊಂಡೆ. ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ. ರಾತ್ರಿ ಮಲಗಿದ್ರೆ ಗಂಟಲು ಉರೀತಿತ್ತು. ಒಂದು ದಿನ ಬಾಯಿ ಬಿಟ್ಟು ಕೇಳಿದ್ರೆ ನೀವು ಡಾಕ್ಟ್ರ ಹತ್ರ ಹೋಗ್ತಿದ್ರೇನೋ. ಆಯಪ್ಪನ ಸೊಂಟನೂ ಉಳೀತಿತ್ತು."

ಹೋಗುತ್ತಿದ್ದೆ ಎಂದರೆ ಅವಳಿಗೆ ನೋವು. ಹೋಗುತ್ತಿರಲಿಲ್ಲ ಎಂದರೆ ಅದು ಸುಳ್ಳೋ ನಿಜವೋ ಅವನಿಗೇ ಗೊತ್ತಿರಲಿಲ್ಲ. ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತ್ತು. ಹೆಂಡತಿಯೂ ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು.

ಮುದುಕನನ್ನು ನೋಡಲು ಹೋಗುವ ಧೈರ್ಯ ಬರಲು ಐದು ವಾರ ಹಿಡಿಯಿತು. ಅದೇ ದೊಡ್ಡಾಸ್ಪತ್ರೆ. ಅವನು ಇಷ್ಟು ವರ್ಷ ಅದರ ಹಿಂಬದಿಯ ಗೇಟಿನವರೆಗೆ ಮಾತ್ರ ಬಂದವನು, ಒಳಗೆ ಬಂದದ್ದು ಇದೇ ಮೊದಲು. ವಾರ್ಡಿನಲ್ಲಿ ಒಗೆದು ಇಸ್ತ್ರಿ ಮಾಡಿದ ಹಾಸಿಗೆ ಬಟ್ಟೆಯ ವಾಸನೆಯಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಮುದುಕ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದ. ಹೆಂಡತಿ ಗಂಡನ ಮೊಣಕೈ ಹಿಡಿದು ಮಂಚದ ಹತ್ತಿರ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು" ಎಂದ ಅವನು. "ವ್ಯಾನಿನ ಡ್ರೈವರು."

"ಗೊತ್ತಾಯ್ತು" ಎಂದ ಮುದುಕ.

"ನಂಗೆ ಕಾಣ್ಲಿಲ್ಲ ಅಜ್ಜ. ನಿಮ್ಮ ಹಲಗೆ ಕಾಣ್ಲಿಲ್ಲ, ಕೋಟು ಕಾಣ್ಲಿಲ್ಲ."

"ಅವತ್ತೊಂದಿನ ಮಾತ್ರಾನೋ, ಯಾವಾಗ್ಲೂನೋ?"

"ಬಹಳ ದಿನದಿಂದ."

"ನಿಂಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. ಗೊತ್ತಿರಲಿಲ್ಲ ಎಂಬುದು ಮುಕ್ಕಾಲುಪಾಲು ನಿಜವೂ ಆಗಿತ್ತು. "ಭಾನುವಾರ ಗೊತ್ತಾಯ್ತು" ಎಂದ.

ಮುದುಕ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ, ಸಿಟ್ಟಿಲ್ಲದ, ವಿಳಾಸ ಓದುವ ದನಿಯಲ್ಲಿ, "ನನ್ನ ಗುದ್ದಿದ್ದು ಸೋಮವಾರ" ಎಂದ.

"ಹೌದು."

"ನನ್ನ ಬೆನ್ನ ಹಿಂದೆ ಹದಿನಾರು ಮಕ್ಕಳಿದ್ವು. ಅರ್ಧ ನಿಮಿಷ ಮುಂಚೆ ಬಂದಿದ್ರೆ?"

ಅವನು ಮಂಚದ ಕಬ್ಬಿಣದ ಸರಳು ಹಿಡಿದುಕೊಂಡ. ತಣ್ಣಗಿತ್ತು. "ಕ್ಷಮಿಸಿ ಅಂತ ಕೇಳೋಕೆ ಬಂದೆ" ಎಂದ. "ಕೇಳೋ ಮುಖ ಇಲ್ಲ. ಆದ್ರೂ ಕೇಳ್ತಿದೀನಿ."

ಅವನು ಕಾದ. ದಿಂಬಿನ ನಾಲ್ಕು ಮೂಲೆ ಕಾಣುತ್ತಿದ್ದವು, ಕಿಟಕಿಯ ಚೌಕಟ್ಟು ಕಾಣುತ್ತಿತ್ತು, ಹೊದಿಕೆಯ ಮೇಲಿನ ಎರಡು ಕೈಗಳು ಕಾಣುತ್ತಿದ್ದವು. ದಿಂಬಿನ ನಡುವೆ ಬೂದು ಮಸುಕು. ಅದರೊಳಗೆ ಒಬ್ಬ ಮನುಷ್ಯ ಏನೋ ಉತ್ತರ ಕೊಡುತ್ತಿದ್ದಾನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಆದರೆ ದನಿ ಬರಲಿಲ್ಲ. ಪಕ್ಕದ ಮಂಚದವನು ಕೆಮ್ಮಿದ. ಹೆಂಡತಿ ಮುಂದೆ ಬಂದು ಅವನ ಮೊಣಕೈ ಹಿಡಿದಳು. "ಬನ್ನಿ" ಎಂದಳು.

ವಾರ್ಡಿನ ಹೊರಗಿನ ಉದ್ದನೆಯ ಓಣಿಯಲ್ಲಿ ಅವರು ಅರ್ಧದವರೆಗೂ ನಡೆದರು. ನೆಲ ಈಗಷ್ಟೇ ಒರೆಸಿ ಒದ್ದೆಯಾಗಿತ್ತು. ಅವನು ನಿಂತ.

"ತಲೆ ಏನಾದ್ರೂ ಆಡಿಸಿದ್ರಾ ಅವರು?"

"ಆಡಿಸಿದ್ರು."

"ಹೇಗೆ?"

ಅವಳು ಗಂಡನ ಮುಖವನ್ನು ನೋಡಿದಳು. ಹೌದು ಅಂತ ಎಂದು ಒಂದು ಸುಳ್ಳು ಹೇಳಿಬಿಟ್ಟರೆ ಅವನು ಇವತ್ತು ರಾತ್ರಿ ನಿದ್ದೆ ಮಾಡುತ್ತಾನೆ. ಅವನಿಗೆ ಅದು ಗೊತ್ತಾಗುವ ದಾರಿಯೂ ಇರಲಿಲ್ಲ. ಅವಳು ಬಾಯಿ ತೆರೆದಳು. ಅಂಗಳದಲ್ಲಿ ತಾನು ಮಾತು ನುಂಗಿಕೊಂಡು ಕೂತ ಆ ಭಾನುವಾರ ನೆನಪಾಯಿತು.

"ಇಲ್ಲ ಅಂತ" ಎಂದಳು.

ಅವನು ಹೂಂ ಎಂದ. ಗೋಡೆಯ ಬದಿಗಿದ್ದ ಬೆಂಚನ್ನು ಕೈಯಿಂದ ತಡಕಿ ಕೂತುಕೊಂಡ. ಅವಳೂ ಪಕ್ಕದಲ್ಲಿ ಕೂತಳು. ರೋಗಿಗಳನ್ನು ನೋಡಲು ಬರುವವರ ಹೊತ್ತು ಮುಗಿದು, ಓಣಿಯಲ್ಲಿ ಓಡಾಟ ಕಡಿಮೆಯಾಗಿ, ಕಾವಲಿನವನು ಬಂದು ಇನ್ನು ಹೊರಡಿ ಎನ್ನುವವರೆಗೂ ಇಬ್ಬರೂ ಅಲ್ಲೇ ಕೂತಿದ್ದರು.